ಒಂಬತ್ತನೇ ಕ್ಲಾಸಿನ ಮೊಟ್ಟೆ ವಿಷ್ಯ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ, ನಮಸ್ಕಾರ.

ಸೋಮವಾರದಿಂದ ಒಂಬತ್ತನೇ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಏನೇನ್ ಓಡಾಡ್ತಿದೆ ಅಂತ ನನಗೂ ಗೊತ್ತು, ಸ್ಕ್ರೀನ್‌ಶಾಟ್ ಬಂದಿವೆ. ಬೆಳಿಗ್ಗೆ "ಮಕ್ಕಳ ಕೈಗೆ ಮೊಟ್ಟೆ ಕೊಡ್ತಿದಾರಂತೆ" ಅಂತಿದ್ದದ್ದು ಸಂಜೆ ಹೊತ್ತಿಗೆ "ಮೊಟ್ಟೆ ತಿನ್ನಿಸ್ತಿದಾರಂತೆ" ಅಂತ ಆಗಿದೆ. ಯಾರಿಗೂ ತಿನ್ನಿಸಿಲ್ಲ, ತಿನ್ನಿಸೋದೂ ಇಲ್ಲ. ಮೊಟ್ಟೆ ಬಂದಿದ್ದು ಬಣ್ಣ ಕಲಸೋಕೆ, ಡ್ರಾಯಿಂಗ್ ರೂಮಲ್ಲಿ, ಡ್ರಾಯಿಂಗ್ ಸರ್ ಎದುರಿಗೇ.

ವಾಟರ್ ಕಲರ್ ಇರೋವಾಗ ಮೊಟ್ಟೇನೇ ಯಾಕೆ ಅಂತ ಕೆಲವರು ಫೋನ್ ಮಾಡಿ ಕೇಳಿದ್ರಿ, ನ್ಯಾಯವಾದ ಪ್ರಶ್ನೆ. ಸಮಾಜ ಪಾಠದಲ್ಲಿ ಪುನರುಜ್ಜೀವನ (ಯುರೋಪಲ್ಲಿ ಕಲೆ, ವಿದ್ಯೆಗೆ ಹೊಸ ಜೀವ ಬಂದ ಕಾಲ) ಬರುತ್ತಲ್ಲ, 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸ್ಕೊಂಡ್ರು ಅಂತ ನಾವೆಲ್ಲ ಉರು ಹೊಡೆದು ಒಂದು ಮಾರ್ಕ್ ತಗೊಂಡು ಮರೆತಿದ್ದು, ಅದೇ. ಆದ್ರೆ ಇಟಲಿಯ ಫ್ಲಾರೆನ್ಸಲ್ಲಿ ಅದಕ್ಕೂ ಮುಂಚೇನೇ, 1419ರಲ್ಲಿ, ರೇಷ್ಮೆ ವ್ಯಾಪಾರಿಗಳ ಸಂಘದವರು ದುಡ್ಡು ಹಾಕಿ, ಬ್ರುನೆಲೆಸ್ಕಿ ಅನ್ನೋ ವಾಸ್ತುಶಿಲ್ಪಿ ಕೈಲಿ ಪ್ಲಾನ್ ಮಾಡ್ಸಿ, ಹೆತ್ತವರು ಬಿಟ್ಟುಹೋದ ಕೂಸುಗಳಿಗೆ ಅಂತ ಒಂದು ಅನಾಥಾಲಯ ಕಟ್ಟಿಸೋಕೆ ಶುರು ಮಾಡಿದ್ರು. ಅದರ ಚರ್ಚಿಗೆ ಚಿತ್ರ ಬರೆಯೋಕೆ 1485ರಲ್ಲಿ ಘಿರ್ಲಾಂಡಾಯೋ ಅನ್ನೋ ಕಲಾವಿದನ ಜೊತೆ ಅಗ್ರಿಮೆಂಟ್ ಆಯ್ತು, ನೀಲಿ ಬಣ್ಣ ಔನ್ಸಿಗೆ ನಾಲ್ಕು ಫ್ಲಾರಿನ್ (ಅಲ್ಲಿನ ಚಿನ್ನದ ನಾಣ್ಯ) ಆಸುಪಾಸಿನದೇ ಆಗಿರ್ಬೇಕು ಅಂತ ಅದರಲ್ಲಿ ಬರೆಸಿದಾರೆ. ಆ ನೀಲಿ ಪುಡಿ ಮಾಡೋ ಕಲ್ಲು ಅಫ್ಘಾನಿಸ್ತಾನದ ಬದಖ್ಷಾನ್ ಗಣಿಯಿಂದ ಅಲ್ಲಿವರೆಗೂ ಹೋಗ್ಬೇಕಿತ್ತು. ಬಣ್ಣ ಮಾರ್ತಿದ್ದೋರು ಔಷಧಿ ಅಂಗಡಿಯೋರು, ಹಾಗಾಗಿ ಕಲಾವಿದರೂ ವೈದ್ಯರು, ಔಷಧಿ ವ್ಯಾಪಾರಿಗಳ ಸಂಘಕ್ಕೇ ಸೇರಿದ್ರು. ಆ ಚಿತ್ರ ಈಗಲೂ ಇದೆ. ಮುಂದುಗಡೆ ಬಿಳಿ ಅಂಗಿ ಹಾಕ್ಕೊಂಡು ಮಂಡಿಯೂರಿರೋ ಎರಡು ಪುಟ್ಟ ಕೂಸುಗಳಿವೆ, ಕ್ಲಾಸಲ್ಲಿ ಪ್ರೊಜೆಕ್ಟರ್‌ಗೆ ಹಾಕಿ ತೋರಿಸಿದಾಗ ಗಲಾಟೆ ಮಾಡೋ ಹಿಂದಿನ ಬೆಂಚೂ ಸುಮ್ನಾಯ್ತು.

ಅಷ್ಟು ದುಬಾರಿ ಪುಡಿ ಹಲಗೆ ಮೇಲೆ ನಿಲ್ಲೋದು ಮೊಟ್ಟೆ ಹಳದಿಯಿಂದ. ಹಳದೀನ ಈ ಅಂಗೈಯಿಂದ ಆ ಅಂಗೈಗೆ ಉರುಳಿಸ್ತಾ ಲೋಳೆ ಪೂರ್ತಿ ತೆಗೀಬೇಕು, ಆಮೇಲೆ ಮೇಲಿನ ತೆಳು ಪೊರೇನ ಎರಡು ಬೆರಳಲ್ಲಿ ಎತ್ತಿ ಹಿಡ್ಕೊಂಡು ಕೆಳಗಡೆ ಪಿನ್ನಲ್ಲಿ ಚುಚ್ಚಿದ್ರೆ ಹಳದಿ ಬಟ್ಟಲಿಗೆ ಇಳಿಯುತ್ತೆ, ಪೊರೆ ಕೈಯಲ್ಲೇ ಉಳಿಯುತ್ತೆ. ಇದಕ್ಕೆ ನೀರು, ಪುಡಿ ಸೇರಿಸಿ ಹಚ್ಚಿದ್ರೆ ಕ್ಷಣದಲ್ಲಿ ಒಣಗುತ್ತೆ, ಅದಕ್ಕೇ ಅವರು ಸಣ್ಣ ಸಣ್ಣ ಗೆರೆ ಎಳೆದೇ ಮುಖ ತುಂಬಿಸ್ತಿದ್ರು. 1400ರ ಸುಮಾರಿಗೆ ಚೆನ್ನಿನಿ ಅನ್ನೋ ಕಲಾವಿದ ಎಳೇ ಮುಖಗಳಿಗೆ ಪೇಟೆ ಕೋಳಿ ಮೊಟ್ಟೆ, ವಯಸ್ಸಾದವರ ಮುಖಕ್ಕೆ ಕೆಂಪು ಜಾಸ್ತಿ ಇರೋ ಹಳ್ಳಿ ಕೋಳಿ ಮೊಟ್ಟೆ ಅಂತ ಬರೆದಿಟ್ಟಿದಾನೆ. ಇದನ್ನ ಪುಸ್ತಕದಲ್ಲಿ ಓದೋದು ಬೇರೆ, ಕೈಯಲ್ಲಿ ಮಾಡೋದು ಬೇರೆ, ನಮ್ಮ ಉದ್ದೇಶ ಇಷ್ಟೇ ಇದ್ದದ್ದು.

ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊಟ್ಟೆ ಒಳಗೇ ಬರಲ್ಲ, ಅದರ ಬಗ್ಗೆ ನಂಗೆ ಪೂರ್ತಿ ಗೌರವ ಇದೆ. ನಮ್ಮತ್ತೆ ಇದ್ದಿದ್ರೆ ಅವರೂ ಕೇಳ್ತಿದ್ರು. ಮುಟ್ಟಲ್ಲ ಅನ್ನೋ ಮಗೂನ ಬಲವಂತ ಮಾಡಲ್ಲ, ಮಾರ್ಕ್ಸ್ ಕಟ್ ಮಾಡಲ್ಲ, ಬೇರೆ ಕೂರಿಸಿ ಮುಜುಗರಾನೂ ಮಾಡಲ್ಲ. ಅವರಿಗೆ ಗೋಂದಿನ ಬಣ್ಣ ಇದೆ. ಅದೂ ಅದೇ ಕಾಲದ್ದು, ಕೈಬರಹದ ಪುಸ್ತಕಗಳಿಗೆ ಚಿತ್ರ ಬರೀತಿದ್ದೋರು ಗೋಂದು ಬಳಸ್ತಿದ್ರು. ಹಲಗೆಗೆ ಗೆಸ್ಸೋ ಅನ್ನೋ ಬಿಳಿ ಲೇಪ ಹಚ್ಚೋದು, ಚಿನ್ನದ ರೇಕು ಅಂಟಿಸೋದು ಎಲ್ಲರಿಗೂ ಒಂದೇ, ಮೈಸೂರು ಚಿತ್ರಕಲೆ ನೋಡಿರೋರಿಗೆ ಅದೇನ್ ಹೊಸದಲ್ಲ.

ಆದ್ರೆ "ಇಡೀ ಚಟುವಟಿಕೇನೇ ಕ್ಯಾನ್ಸಲ್ ಮಾಡಿ" ಅನ್ನೋದಕ್ಕೆ ಒಪ್ಪೋಕಾಗಲ್ಲ. ಮಾಡಬೇಕು ಅಂತಿರೋ ಮಕ್ಕಳೂ ಇದಾರೆ, ಅವರ ಅಪ್ಪ ಅಮ್ಮಂದಿರೂ ಫೋನ್ ಮಾಡಿದಾರೆ, ಅವರು ಗ್ರೂಪಲ್ಲಿ ಬರೆಯಲ್ಲ ಅಷ್ಟೇ. ಮತ್ತೊಮ್ಮೆ ಹೇಳ್ತೀನಿ, ಬೇಡ ಅಂದೋರಿಗೆ ಬೇಡ, ಮೊಟ್ಟೆ ಬಟ್ಟಲು, ಬ್ರಷ್ ಎಲ್ಲ ಬೇರೆ ಟೇಬಲ್ಲಿನಲ್ಲಿ ಇರುತ್ತೆ, ಮುಗಿದ್ಮೇಲೆ ಸೋಪಲ್ಲಿ ಕೈ ತೊಳೆಸೇ ಕಳಿಸ್ತೀವಿ.

ಇದರಿಂದ ಎಕ್ಸಾಮಿಗೇನು ಉಪಯೋಗ ಅಂದೋರಿಗೆ ಒಂದ್ ಮಾತು. ಮೈಕೆಲೇಂಜೆಲೋ 13 ವರ್ಷದ ಹುಡುಗ ಆಗಿದ್ದಾಗ, 1488ರಲ್ಲಿ, ಇದೇ ಘಿರ್ಲಾಂಡಾಯೋ ಹತ್ರ ಕೆಲಸ ಕಲಿಯೋಕೆ ಸೇರಿದ್ದು. ಮಗ ಚಿತ್ರ ಬರ್ಕೊಂಡಿರೋದು ಅಪ್ಪನಿಗೆ ಮೊದಲು ಸುತಾರಾಂ ಇಷ್ಟ ಇರ್ಲಿಲ್ಲ. (ಇದು ಯಾರಿಗೂ ಟಾಂಗ್ ಅಲ್ಲ, ಪಾಠದಲ್ಲೇ ಬರೋ ವಿಷ್ಯ.) ಹುಡುಗನಿಗೆ ಘಿರ್ಲಾಂಡಾಯೋ ಮೂರು ವರ್ಷಕ್ಕೆ ಒಟ್ಟು 24 ಫ್ಲಾರಿನ್ ಕೊಡ್ಬೇಕು ಅಂತ ಮಾತಾಗಿತ್ತು. ಅಂದ್ರೆ ಆ ಅಗ್ರಿಮೆಂಟಿನ ನೀಲಿ ಬಣ್ಣ ಆರೇ ಔನ್ಸ್ ಬರೋ ದುಡ್ಡು, ಕಾಲು ಕೇಜಿನೂ ಇಲ್ಲ. ಈ ಲೆಕ್ಕ ನಾನು ಹಾಕಿದ್ದಲ್ಲ, ಒಂಬತ್ತನೇ ಕ್ಲಾಸಿನ ಮಕ್ಕಳೇ ಹಾಕಿದ್ದು, ಯಾರೂ ಹಾಕಿ ಅಂತ ಹೇಳಿರ್ಲಿಲ್ಲ.

ಇದೇ ಮೈಕೆಲೇಂಜೆಲೋ ಮುಂದೆ ಕೆತ್ತಿದ ಬೆತ್ತಲೆ ಡೇವಿಡ್ ಶಿಲ್ಪದ ಫೋಟೋ ಬಗ್ಗೆ ಬಂದಿರೋ ಇನ್ನೊಂದು ಕಂಪ್ಲೇಂಟಿಗೆ ಫೋನಲ್ಲೇ ಉತ್ತರ ಕೊಟ್ಟಿದೀನಿ, ಫೋಟೋ ಗೋಡೆ ಮೇಲೇ ಇರುತ್ತೆ.

ಡೈರೀಲಿ "ಮೊಟ್ಟೆ" ಅಥವಾ "ಗೋಂದು" ಅಂತ ಬರೆದು ಸೈನ್ ಮಾಡಿ ಗುರುವಾರದೊಳಗೆ ಕಳಿಸಿ. ಜೊತೆಗೆ ಒಂದು ಹಳೇ ಶರ್ಟ್ ಇರ್ಲಿ, ಯೂನಿಫಾರ್ಮ್ ಮೇಲೆ ಈ ಬಣ್ಣ ಬಿದ್ದು ಒಣಗಿದ್ರೆ ಹೋಗೋದು ಕಷ್ಟ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ