ಪ್ರತಿ ರಾತ್ರಿ ಒಂದೇ ಮೂಲೆ ಕುಸಿಯುತ್ತಿದೆ, ನೀವು ನೋಡಲೂ ಒಪ್ಪುತ್ತಿಲ್ಲ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಎಲೆಕ್ಟ್ರಿಕ್ ಎಸ್‌ಯುವಿಯ ಏರ್ ಸಸ್ಪೆನ್ಷನ್ (ಗಾಳಿಯ ಬಲದಿಂದ ಕಾರನ್ನು ಎತ್ತುವ, ಇಳಿಸುವ ವ್ಯವಸ್ಥೆ) ಮೂರು ಸಲ ತಂದರೂ ರಿಪೇರಿಯಾಗದ ಬಗ್ಗೆ

ಮಾನ್ಯರೇ,

ನಿನ್ನೆ ಬೆಳಿಗ್ಗೆ ನಿಮ್ಮಿಂದ ಮೆಸೇಜ್ ಬಂತು. 'ನಿಮ್ಮ ದೂರು ಬಗೆಹರಿದಿದೆ, ರೇಟಿಂಗ್ ಕೊಡಿ' ಅಂತ. ಅದನ್ನು ಓದುವಾಗ ನಾನು ಕಾರಿನ ಪಕ್ಕದಲ್ಲೇ ನಿಂತಿದ್ದೆ. ಮುಂದಿನ ಎಡಗಡೆ ಮೂಲೆ ಟೈರಿನ ಮೇಲೆ ಕೂತುಬಿಟ್ಟಿತ್ತು. ಇದುವರೆಗೆ ಫೋನಿನಲ್ಲಿ ಮೆತ್ತಗೇ ಮಾತಾಡಿದ್ದೇನೆ. ಇನ್ನು ಆಗುವುದಿಲ್ಲ.

ಒಂದು ಸೈಟು ಮಾರಿ ಈ ಕಾರು ಕೊಂಡೆ. ಅಮ್ಮನಿಗೆ 78 ವರ್ಷ, ಮಂಡಿ ನೋವು. ಬಟನ್ ಒತ್ತಿದರೆ ಕಾರು ತಗ್ಗುತ್ತದೆ, ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಬಹುದು ಅಂತ ನಿಮ್ಮ ಶೋರೂಮಿನವರೇ ತೋರಿಸಿದ್ದರು. ಅದೊಂದಕ್ಕೇ ಅಷ್ಟು ಜಾಸ್ತಿ ದುಡ್ಡು ಕೊಟ್ಟೆ.

ಮೊದಲ ಸಲ ಬಂದಾಗ ಕಾರಿನ ಎತ್ತರ ಅಳೆಯುವ ಹೈಟ್ ಸೆನ್ಸರ್ ಬದಲಿಸಿದಿರಿ. ಎರಡನೇ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಿರಿ. ಮೂರನೇ ಸಲ ಗಾಳಿ ತುಂಬುವ ಕಂಪ್ರೆಸರ್ ಸುಟ್ಟಿದೆ, ಜಾಸ್ತಿ ಓಡಿ ಹಾಳಾಗಿದೆ, ವಾರಂಟಿಗೆ ಬರುವುದಿಲ್ಲ ಅಂದಿರಿ. ಕಾರು ಕುಸಿಯುವುದು ರಾತ್ರಿ, ಆಫ್ ಮಾಡಿ ನಿಲ್ಲಿಸಿದಾಗ. ಆಗ ಸೆನ್ಸರಿಗಾಗಲಿ ಕಂಪ್ರೆಸರಿಗಾಗಲಿ ಹೆಚ್ಚು ಕೆಲಸವಿರುವುದಿಲ್ಲ. ಅಂದ ಮೇಲೆ ಗಾಳಿ ಎಲ್ಲಿಂದಲೋ ಸೋರುತ್ತಿದೆ. ಏರ್ ಸ್ಪ್ರಿಂಗಿನ ರಬ್ಬರಿನಿಂದಲೋ, ಪೈಪಿನ ಜಾಯಿಂಟಿನಿಂದಲೋ, ಗಾಳಿ ಹಂಚುವ ವಾಲ್ವ್ ಬ್ಲಾಕಿನಿಂದಲೋ, ಅದನ್ನು ಹುಡುಕಬೇಕಾದವರು ನೀವು. ಸೋರಿದ ಗಾಳಿಯನ್ನು ತುಂಬಿ ತುಂಬಿಯೇ ಕಂಪ್ರೆಸರ್ ಸುಟ್ಟಿರುವುದು. ಸೋರುವುದನ್ನು ನಿಲ್ಲಿಸದೆ ಹೊಸದು ಹಾಕಿದರೆ ಅದೂ ಸುಡುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಾನೆ. ನೀವು ಸೋಪಿನ ನೀರು ಸಿಂಪಡಿಸಿ ನೋಡುವಷ್ಟೂ ಮಾಡಲಿಲ್ಲ.

ಮೂರನೇ ಸಲದ ವಿಷಯ ಪೂರ್ತಿ ಬರೆಯಲೇಬೇಕು. ಮೈಸೂರಿನಿಂದ ಬೆಳಿಗ್ಗೆ 6ಕ್ಕೆ ಹೊರಟು, ಬೆಂಗಳೂರಿನ ನಿಮ್ಮ ಸರ್ವಿಸ್ ಸೆಂಟರಿಗೆ 9:15ಕ್ಕೆ ಬಂದೆ. 10:40ರ ತನಕ ಕೂರಿಸಿದರು. ಆಮೇಲೆ ಸರ್ವಿಸ್ ಅಡ್ವೈಸರ್ ಬಂದರು. ನಾನು ನೋಟ್‌ಬುಕ್ ತೆರೆದೆ. ಅದರಲ್ಲಿ 11 ದಿನಗಳ ಅಳತೆ ಇತ್ತು. ರಾತ್ರಿ 10ಕ್ಕೆ ಒಮ್ಮೆ, ಬೆಳಿಗ್ಗೆ 6ಕ್ಕೆ ಒಮ್ಮೆ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನ ತನಕ. ಮೂರು ಮೂಲೆಗಳಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಎಡಗಡೆ ಮುಂದಿನದರಲ್ಲಿ 7 ಸೆಂಟಿಮೀಟರ್.

ಅವರು ಪುಸ್ತಕ ಮುಟ್ಟಲೇ ಇಲ್ಲ. "ಸಾರ್ ಬಂದಿಲ್ವಾ ಮೇಡಂ?" ಅಂದರು.

"ಯಾವ ಸಾರ್?"

"ಅಲ್ಲ, ಮನೆಯವರು. ಇದು ಟೆಕ್ನಿಕಲ್ ವಿಷಯ. ಅವರಿಗೆ ಹೇಳಿದ್ರೆ ಬೇಗ ಅರ್ಥ ಆಗತ್ತೆ."

ಎದುರಿನ ಸೋಫಾದಲ್ಲಿ ಕೂತಿದ್ದ ಇಬ್ಬರು ತಿರುಗಿ ನೋಡಿದರು. ಕಾರು ನನ್ನ ಹೆಸರಲ್ಲಿದೆ, ದುಡ್ಡು ಕಟ್ಟಿದ್ದೂ ನಾನೇ ಅಂದೆ.

"ರಾತ್ರಿ ಚಳಿಗೆ ಗಾಳಿ ಕುಗ್ಗತ್ತೆ ಮೇಡಂ. ಎಲ್ಲಾ ಕಾರಲ್ಲೂ ಹೀಗೇ."

"ಹಾಗಾದರೆ ನಾಲ್ಕೂ ಮೂಲೆ ಒಂದೇ ಥರ ಇಳಿಯಬೇಕಲ್ವಾ?"

ಪಕ್ಕದ ಹುಡುಗನ ಕಡೆ ನೋಡಿ ಮೀಸೆ ಮರೆಯಲ್ಲಿ ನಕ್ಕರು. "ನೀವು ಟೇಪ್ ಸರಿಯಾಗಿ ಹಿಡಿದಿರಲಿಕ್ಕಿಲ್ಲ ಬಿಡಿ" ಅಂದು ಕಂಪ್ರೆಸರಿನ ಎಸ್ಟಿಮೇಟ್ ಕೈಗಿಟ್ಟರು.

ನಾನು 24 ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು. ಆ ಮಾತು ಆಗ ಬಾಯಿಗೆ ಬರಲಿಲ್ಲ. ಗಂಟಲು ಕಟ್ಟಿತ್ತು. ವಾಪಸ್ ಬರುವಾಗ ಮದ್ದೂರು ದಾಟುವ ತನಕ ಅವರ ಮಾತೇ ಕಿವಿಯಲ್ಲಿ ಸುತ್ತುತ್ತಿತ್ತು.

ಬ್ಯಾಟರಿ ಇರುವುದು ಕಾರಿನ ತಳದಲ್ಲಿ, ಕಾರು ಕುಸಿದರೆ ಅದಕ್ಕೇ ಪೆಟ್ಟು ಬೀಳಬಹುದು. ಮೊನ್ನೆ ಮನೆಯ ಗೇಟಿನ ಇಳಿಜಾರಿಗೆ ಮುಂಭಾಗ ಗರ್ರಂತ ಉಜ್ಜಿತು. ಅಮ್ಮ ಒಳಗಿದ್ದರು. ಅವತ್ತಿನಿಂದ ಅವರು ಕಾರು ಹತ್ತುತ್ತಿಲ್ಲ, ಆಸ್ಪತ್ರೆಗೂ ಆಟೋದಲ್ಲೇ ಹೋಗುತ್ತಿದ್ದಾರೆ.

ಕಾರನ್ನು ಒಂದು ರಾತ್ರಿ ನಿಮ್ಮಲ್ಲೇ ನಿಲ್ಲಿಸಿಕೊಳ್ಳಿ. ನಾಲ್ಕೂ ಮೂಲೆ ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಿರಿ. ಸೋರುವ ಜಾಗ ಹುಡುಕಿ, ಅದನ್ನೂ ಕಂಪ್ರೆಸರನ್ನೂ ವಾರಂಟಿಯಲ್ಲೇ ಬದಲಿಸಿ. ಏನೇನು ವಾರಂಟಿಗೆ ಬರುತ್ತದೆ ಅಂತ ನಿಮ್ಮದೇ ಪುಸ್ತಕದಲ್ಲಿದೆ, ನಾನು ಹೇಳಿಕೊಡಬೇಕಾಗಿಲ್ಲ.

ಇದಕ್ಕೆ 15 ದಿನ ಕೊಡುತ್ತೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿಯಾಗಿದೆ. ಕೊಟ್ಟ ಬೆಲೆ 50 ಲಕ್ಷ ದಾಟಿರುವುದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಾಜ್ಯ ಗ್ರಾಹಕ ಆಯೋಗಕ್ಕೇ ಹೋಗುತ್ತೇನೆ. ವಕೀಲರನ್ನು ಇಡುವುದಿಲ್ಲ, ನಾನೇ ವಾದ ಮಾಡುತ್ತೇನೆ. ಆ ನೋಟ್‌ಬುಕ್ ತರುತ್ತೇನೆ, ಟೇಪನ್ನೂ ತರುತ್ತೇನೆ. ನಿಮ್ಮ ಅಡ್ವೈಸರನ್ನು ಕರೆಸಿ, 'ಸಾರ್ ಬಂದಿಲ್ವಾ' ಅನ್ನುವ ಪ್ರಶ್ನೆಯನ್ನು ಅಲ್ಲಿ, ಆಯೋಗದ ಮುಂದೆ, ಇನ್ನೊಮ್ಮೆ ಕೇಳಲಿ.

ಇಂತಿ,
ನಿಮ್ಮ ಗ್ರಾಹಕಿ,
ಮೈಸೂರು