ಆ ಗಾದೆಯನ್ನು ಅಜ್ಜಿಗೆ ಹೇಳಿಸಬೇಡ

ಪ್ರೀತಿಯ ತಮ್ಮ,

ನೀನು ಬರೆದ ಬುಡಾಪೆಸ್ಟಿನ ಕತೆ ಓದಿದೆ. ಲೆಹೆಲ್ ಮಾರುಕಟ್ಟೆಯ ದೃಶ್ಯ ಚೆನ್ನಾಗಿ ಬಂದಿದೆ. ನನ್ನ ತಕರಾರು ಇರುವುದೂ ಅಲ್ಲೇ. ತರಕಾರಿ ಅಂಗಡಿಯ ಮುಂದೆ ಒಬ್ಬ ಅಜ್ಜಿ ಚಿಲ್ಲರೆ ಎಣಿಸುತ್ತ ತಡವರಿಸುತ್ತಾಳೆ, ಹಿಂದೆ ಸಾಲು ಬೆಳೆಯುತ್ತದೆ. ಆಗ ನಿನ್ನ ಕನ್ನಡದ ಹುಡುಗ ಹೊಸದಾಗಿ ಕಲಿತ ಹಂಗೇರಿಯನ್ ಗಾದೆಯನ್ನು ಅವಳಿಗೆ ಹೇಳುತ್ತಾನೆ: 'ತ್ಯುರೆಲೆಮ್ ರೋಝಾತ್ ತೆರೆಮ್.' ತಾಳ್ಮೆ ಗುಲಾಬಿ ಬಿಡುತ್ತದೆ ಅಂತ. ಅಜ್ಜಿ ಕಣ್ಣು ತುಂಬಿಕೊಂಡು ಅವನ ಕೆನ್ನೆ ಸವರುತ್ತಾಳೆ.

ಇಲ್ಲ ಮಾರಾಯ, ಸವರುವುದಿಲ್ಲ. ಕಕ್ಕಾಬಿಕ್ಕಿಯಾಗಿ ಅವನ ಮುಖ ನೋಡುತ್ತಾಳೆ. ಆ ಗಾದೆ ಕಾಯಲಾರದೆ ಚಡಪಡಿಸುವವರಿಗೆ ಹೇಳುವಂಥದ್ದು. ಅಜ್ಜಿ ಏನನ್ನೂ ಕಾಯುತ್ತಿಲ್ಲ, ಕಾಯುತ್ತಿರುವವರು ಅವಳ ಹಿಂದಿನವರು. ಅದೂ ಅಲ್ಲದೆ, ಅಲ್ಲಿ ಸಾಮಾನ್ಯವಾಗಿ ದೊಡ್ಡವರು ಚಿಕ್ಕವರಿಗೆ ಹೇಳುವ ಮಾತು ಅದು. ಕೇಕು ಒಲೆಯಿಂದ ಇಳಿಯುವ ಮೊದಲೇ 'ಆಯ್ತಾ, ಆಯ್ತಾ' ಎಂದು ಪೀಡಿಸುವ ಮಗುವಿಗೆ ಹೇಳುತ್ತಾರೆ. ಇಪ್ಪತ್ತೆರಡರ ಹುಡುಗ ಗುರುತಿಲ್ಲದ ಅಜ್ಜಿಗೆ ಹೇಳಿದರೆ ಉಪದೇಶ ಮಾಡಿದ ಹಾಗಾಗುತ್ತದೆ.

ಗಾಬರಿಯಾದವರಿಗೆ ಹೇಳಲು ಅವರ ಬಳಿ ಬೇರೆಯೇ ಮಾತಿದೆ, ನಿನಗೆ ಬೇಕಿದ್ದದ್ದು ಅದು: 'ನೆಮ್ ಹಯ್ತ್ ಅ ತತಾರ್.' ತಾತಾರನೇನೂ ಅಟ್ಟಿಸಿಕೊಂಡು ಬರುತ್ತಿಲ್ಲ, ನಿಧಾನಕ್ಕೆ ಮಾಡು. 1241ರಲ್ಲಿ ಮಂಗೋಲರ ದಂಡು ಹಂಗೇರಿಗೆ ನುಗ್ಗಿ, ಮುಹಿಯ ಬಯಲಿನಲ್ಲಿ ಸೇನೆಯನ್ನು ಪುಡಿಮಾಡಿತು. ದೊರೆ ನಾಲ್ಕನೇ ಬೇಲಾ ಡಾಲ್ಮೇಶಿಯಾದ ಕಡಲ ತೀರದವರೆಗೆ ಓಡಿಹೋಗಬೇಕಾಯಿತು. ಆ ಮಂಗೋಲರನ್ನು ಹಂಗೇರಿಯವರು ಇಂದಿಗೂ ತಾತಾರರೆಂದೇ ಕರೆಯುತ್ತಾರೆ. ಅಷ್ಟು ದೊಡ್ಡ ಭಯದ ಹೆಸರನ್ನು ಅವರು ಕೋಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುವವನ ಸಮಾಧಾನಕ್ಕೆ ಬಳಸುತ್ತಾರೆ. ಇಂಥದ್ದು ಸಿಕ್ಕಾಗ ಅದನ್ನು ಬಿಟ್ಟು ಗುಲಾಬಿಯ ಹಿಂದೆ ಏಕೆ ಹೋದೆ? ಗುಲಾಬಿ ಚಂದ ಕಾಣಿಸಿತು, ಅದಕ್ಕೆ.

ಆದರೆ ಈ ಮಾತನ್ನೂ ಹುಡುಗನ ಬಾಯಿಗೆ ಹಾಕಬೇಡ. ಸಾಲಿನಲ್ಲಿರುವ ಇನ್ನೊಬ್ಬ ಅಜ್ಜಿ ಹೇಳಲಿ, ಹುಡುಗ ಕೇಳಿಸಿಕೊಳ್ಳಲಿ. ಅವನಿಂದ ಏನಾದರೂ ಹೇಳಿಸಲೇಬೇಕಿದ್ದರೆ 'ತೆಶ್ಶೇಕ್ ಚಕ್ ನ್ಯುಗೊತ್ತಾನ್' ಅನ್ನಲಿ. ನಿಧಾನವಾಗಿ ಆಗಲಿ, ಪರವಾಗಿಲ್ಲ ಎನ್ನುವಂಥ ಮರ್ಯಾದೆಯ ಮಾತು, ಗಾದೆಯ ಠೇಂಕಾರವಿಲ್ಲ. ನೀನು-ನೀವುಗಳ ಲೆಕ್ಕ ಅವರಲ್ಲೂ ಇದೆ. ಹಿರಿಯ ಹೆಂಗಸನ್ನು ಹೆಸರಿನ ಜೊತೆ 'ನೇನಿ' ಸೇರಿಸಿ ಕರೆಯುವ ಊರು ಅದು. ಕನ್ನಡದಲ್ಲಿ ಬರೆಯುವ ನಿನಗೆ ಇದನ್ನು ಹಿಡಿಯುವುದು ಕಷ್ಟವಲ್ಲ. ನಿನ್ನೂರಿನ ಸಂತೆಯಲ್ಲಿ ಪಕ್ಕದ ಅಜ್ಜಿಗೆ 'ತಾಳಿದವನು ಬಾಳಿಯಾನು' ಅನ್ನುತ್ತೀಯಾ? ಅಂದುನೋಡು, ಗೊತ್ತಾಗುತ್ತದೆ.

ಅಂದಹಾಗೆ, ಅಜ್ಜಿ ಒಂದೊಂದೇ ಫೋರಿಂಟಿನ ನಾಣ್ಯ ಎಣಿಸುವಂತಿಲ್ಲ. ಒಂದು, ಎರಡು ಫೋರಿಂಟಿನ ನಾಣ್ಯಗಳು 2008ರಲ್ಲೇ ಚಲಾವಣೆಯಿಂದ ಹೋದವು. ಈಗ ನಗದು ಕೊಡುವಾಗ ಐದಕ್ಕೆ ಸರಿಹೊಂದಿಸುತ್ತಾರೆ. ಐದರ ನಾಣ್ಯ ಕೊಡು ಅವಳಿಗೆ.

ಇನ್ನು ನೀನು ಕೇಳಿದ್ದೀಯಲ್ಲ, ದಿನದ ಮಾತಿನಲ್ಲಿ ಈ ಗುಲಾಬಿಯ ಗಾದೆಯನ್ನು ಬಳಸಲು ಕಲಿಯುವುದು ಹೇಗೆ ಅಂತ. ಮೊದಲು ಬೇರೆಯವರು ನಿನಗೆ ಹೇಳಲಿ. ಮನೆ ಮಾಲೀಕರು ಬಾಯ್ಲರ್ ರಿಪೇರಿಗೆ ಇನ್ನೂ ಯಾರೂ ಬಂದಿಲ್ಲವೆಂದು ಗೊಣಗುವ ನಿನಗೆ ಹೇಳಲಿ, ಸಹಪಾಠಿ ಟ್ರಾಮ್ ನಿಲ್ದಾಣದಲ್ಲಿ ಹೇಳಲಿ. ಹೇಳಿದವರ ಮುಖ ನೋಡಿಕೋ, ಹೇಳಿಸಿಕೊಂಡಾಗ ನಿನಗೆ ಹೇಗಾಯಿತು ನೋಡಿಕೋ. ಆಮೇಲೆ ನಿನಗೆ ನೀನೇ ಹೇಳಿಕೋ, ಜೊತೆಯಲ್ಲಿರುವವರಿಗೆ ಕೇಳುವಷ್ಟು ಗಟ್ಟಿಯಾಗಿ. ತಪ್ಪು ತಿಳಿಯುವವರು ಯಾರೂ ಇಲ್ಲದ ಜಾಗ ಅದು. ಹೇಳುವಾಗ ರಾಗ ಎಳೆಯಬೇಡ. ಅವರ ಮಾತಿನಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಒಂದೇ ಉಸಿರಿನಲ್ಲಿ ಮುಗಿಸಿ ಮುಂದಿನ ಮಾತಿಗೆ ಹೋಗು.

ನಿನ್ನ ಕತೆಯಲ್ಲಿ ಅದೇ ಗಾದೆ ಇನ್ನೊಂದು ಕಡೆ ಬರುತ್ತದೆ. ವಾಸದ ಪರವಾನಗಿಗೆ ಅಲೆದು ಸುಸ್ತಾದ ಹುಡುಗನಿಗೆ ಕೌಂಟರಿನ ಹಿಂದಿನ ಹೆಂಗಸು ನಗುತ್ತ 'ತಾಳ್ಮೆ ಗುಲಾಬಿ ಬಿಡುತ್ತದೆ' ಅನ್ನುತ್ತಾಳೆ. ನೀನು ಇದನ್ನು ಅವಳ ಒಳ್ಳೆಯತನವೆಂದು ಬರೆದಿದ್ದೀಯ. ನನಗೆ ಮೈ ಉರಿಯಿತು. ಕಾಯುವವನ ಪಕ್ಕದಲ್ಲಿ ಕುಳಿತು ತಾನೂ ಕಾಯುತ್ತಿರುವವಳು ಹೇಳಿದರೆ ಅದು ಸಾಂತ್ವನ. ಕಾಯಿಸುತ್ತಿರುವವಳೇ ಹೇಳಿದರೆ ಬಾಗಿಲು ಹಾಕಿದ ಹಾಗೆ. ತಾಳ್ಮೆಯ ಗಾದೆಗಳಿಗೆಲ್ಲ ಈ ಅಪಾಯ ಇದೆ, ನಮ್ಮವಕ್ಕೂ ಇದೆ. ಸಂಬಳ ತಡಮಾಡುವ ಯಜಮಾನನಿಗೆ ಎಷ್ಟು ಗಾದೆ ಬರುತ್ತದೆ ನೋಡು. ಬರೆಯುವವನಿಗೆ ಇದು ಸಿಕ್ಕಾಪಟ್ಟೆ ಬೆಲೆಬಾಳುವ ಸಂಗತಿ. ಒಂದು ಅಕ್ಷರ ಬದಲಿಸದೆ, ಹೇಳುವವರನ್ನು ಬದಲಿಸಿದರೆ ಸಾಕು, ದೃಶ್ಯವೇ ಬದಲಾಗುತ್ತದೆ.

ನಿನ್ನ ಕತೆಯಲ್ಲಿ ಫೋನು ಕಳೆದುಕೊಂಡ ಹುಡುಗನಿಗೆ ಗೆಳೆಯ 'ಮೊಹಾಚಿನಲ್ಲಿ ಇದಕ್ಕಿಂತ ಹೆಚ್ಚು ಕಳೆದುಕೊಂಡಿದ್ದೇವೆ' ಎನ್ನುವುದು ಮಾತ್ರ ಭೇಷ್. 1526ರಲ್ಲಿ ಹಂಗೇರಿಯವರು ಮೊಹಾಚಿನಲ್ಲಿ ತುರ್ಕರೆದುರು ಸೋತದ್ದು, ದೊರೆ ಲಯೋಶ್ ಓಡುವಾಗ ಹೊಳೆಯಲ್ಲಿ ಮುಳುಗಿ ಸತ್ತದ್ದು, ಇದ್ಯಾವುದನ್ನೂ ನೀನು ವಿವರಿಸಲಿಲ್ಲ. ಗೆಳೆಯ ಅಂದ, ಹುಡುಗ ಬೈದ, ಇಬ್ಬರೂ ಬಿಯರ್ ತರಿಸಿದರು. ಇಡೀ ಕತೆಯಲ್ಲಿ ಆ ಊರಿನ ಉಸಿರು ನನಗೆ ಕೇಳಿಸಿದ್ದು ಅಲ್ಲೇ. ಗುಲಾಬಿಯ ಗಾದೆಗೆ ಹಾಕಿದ ಅಡಿಟಿಪ್ಪಣಿಯನ್ನೂ ಹಾಗೆಯೇ ಕಿತ್ತುಹಾಕು. ಅರ್ಥ ಒಮ್ಮೆ ಕತೆಯೊಳಗೇ ಬಂದರೆ ಸಾಕು.

ಮಾರುಕಟ್ಟೆಯ ದೃಶ್ಯ ಹೊಸದಾಗಿ ಬರೆ. ಕೌಂಟರಿನ ಹೆಂಗಸಿನ ಮಾತು ಇದ್ದ ಹಾಗೇ ಇರಲಿ, ನಗುವೂ ಇರಲಿ. ಅದರ ಮುಂದಿನ 'ಅವನ ಮನಸ್ಸು ಹಗುರವಾಯಿತು' ಎಂಬ ಸಾಲು ಹೊಡೆದುಹಾಕಿ, ಅವನು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಏನು ಮಾಡುತ್ತಾನೆಂದು ಯೋಚಿಸಿ ಕಳಿಸು.

ನಿನ್ನ
ಅಣ್ಣ