ಪರ್ಯಾಯ ಕೇಂದ್ರಕ್ಕೆ ಐಪಿ ವಿಳಾಸದ ಯೋಜನೆಯೂ ಬೇಕು

ಮಾನ್ಯ ಸಂಪಾದಕರೇ,

ಇತ್ತೀಚೆಗೆ ಮಂಡ್ಯ ಜಿಲ್ಲೆಯ ಸಹಕಾರಿ ಸಂಸ್ಥೆಯೊಂದರ ಶಾಖೆಗಳಲ್ಲಿ ಇಡೀ ದಿನ ವ್ಯವಹಾರ ನಿಂತುಹೋಯಿತು. ಹಾಲಿನ ಬಟವಾಡೆ ಹಣ ತೆಗೆಯಲು ಬಂದಿದ್ದ ರೈತರಿಗೆ ‘ಸರ್ವರ್ ಡೌನ್’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ದುರಸ್ತಿಗೆ ನೆರವಾಗಲು ನನ್ನನ್ನೂ ಕರೆದಿದ್ದರಿಂದ ನಿಜವಾದ ಕಾರಣ ತಿಳಿಯಿತು. ಬೆಂಗಳೂರಿನ ಮುಖ್ಯ ಡೇಟಾ ಸೆಂಟರ್‌ನಲ್ಲಿ ವಿದ್ಯುತ್ ಕೈಕೊಟ್ಟ ಅರ್ಧ ಗಂಟೆಯೊಳಗೇ ಇಂಥ ಅವಘಡಕ್ಕೆಂದೇ ಇಟ್ಟಿದ್ದ ಮೈಸೂರಿನ ಪರ್ಯಾಯ ಕೇಂದ್ರದಲ್ಲಿ ಎಲ್ಲ ವರ್ಚುವಲ್ ಮಷೀನ್‌ಗಳೂ (ತಂತ್ರಾಂಶದಿಂದ ರೂಪಿಸಿದ ಸರ್ವರ್‌ಗಳು) ಚಾಲೂ ಆಗಿದ್ದವು, ದತ್ತಾಂಶವೂ ಸುರಕ್ಷಿತವಾಗಿತ್ತು. ಆದರೆ ಡೇಟಾಬೇಸ್ ಸರ್ವರ್‌ನ ಪರದೆಯಲ್ಲಿ 10.10.4.25 ಎಂಬ ಬೆಂಗಳೂರಿನ ಐಪಿ ವಿಳಾಸವೇ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಅಂಕಿ) ಉಳಿದಿತ್ತು. ಮೈಸೂರಿನ ಜಾಲವಾದರೋ 10.20.4 ಎಂದು ಆರಂಭವಾಗುವಂಥದ್ದು. ಆ ಸರ್ವರ್ ಹುಡುಕುತ್ತಿದ್ದ ಗೇಟ್‌ವೇ, ಅಂದರೆ ಜಾಲದಿಂದ ಹೊರಹೋಗುವ ಬಾಗಿಲು, ಅಲ್ಲಿ ಇರಲೇ ಇಲ್ಲ. ಇನ್ನೊಂದು ಮಷೀನ್, ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಪಡೆಯಬೇಕಾಗಿದ್ದದ್ದು, ಕೊಡುವ ಸರ್ವರ್ ಸಿಗದೆ 169.254 ಎಂದು ಆರಂಭವಾಗುವ ವಿಳಾಸವನ್ನು ತಾನೇ ಹಾಕಿಕೊಂಡು ಕುಳಿತಿತ್ತು. ವಿ.ಸಿ. ನಾಲೆ ತುಂಬಿ ಹರಿಯುತ್ತಿದ್ದರೂ ತೂಬು ಎತ್ತದ ಗದ್ದೆ ಒಣಗಿದಂತೆ, ಚಾಲೂ ಇದ್ದ ಸರ್ವರ್‌ಗಳಿಂದ ಶಾಖೆಗಳಿಗೆ ಏನೂ ತಲುಪಲಿಲ್ಲ.

ಈ ತೊಂದರೆಗೆ ಪರಿಹಾರವನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ ಎಂಬುದೇ ನನ್ನ ಬೇಸರಕ್ಕೆ ಕಾರಣ. ವಿಂಡೋಸ್ ಸರ್ವರ್ 2012ರ ಜೊತೆ ಬಂದ ಮಷೀನ್‌ಗಳ ನಕಲನ್ನು ಇನ್ನೊಂದೆಡೆ ಇಡುವ ಹೈಪರ್-ವಿ ರೆಪ್ಲಿಕಾದಲ್ಲಿ, ಫೇಲ್‌ಓವರ್ ಆದಾಗ, ಅಂದರೆ ಕೆಲಸ ಪರ್ಯಾಯ ಕೇಂದ್ರಕ್ಕೆ ಬದಲಾದಾಗ, ಪ್ರತಿ ಮಷೀನ್‌ಗೆ ಯಾವ ವಿಳಾಸ, ಯಾವ ಗೇಟ್‌ವೇ, ಯಾವ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸರ್ವರ್) ಸಿಗಬೇಕೆಂದು ಮೊದಲೇ ನಮೂದಿಸಿಡಲು ಜಾಗವಿದೆ. ವಿಎಂವೇರ್‌ನ ಸೈಟ್ ರಿಕವರಿ ಮ್ಯಾನೇಜರ್‌ನಲ್ಲಿ ಇಡೀ ಸಬ್‌ನೆಟ್‌ಗೆ, ಅಂದರೆ ಒಂದೇ ಆರಂಭವುಳ್ಳ ವಿಳಾಸಗಳ ಗುಂಪಿಗೆ, ಒಂದೇ ನಿಯಮ ಬರೆದರೆ, 10.10.4.25 ಇದ್ದದ್ದು ತಾನಾಗಿ 10.20.4.25 ಆಗುತ್ತದೆ. ಆದರೆ ಈ ಬದಲಾವಣೆ ನಡೆಯುವುದು ಮಷೀನ್‌ನ ಒಳಗೆ ಅಳವಡಿಸಿರುವ ಸಹಾಯಕ ತಂತ್ರಾಂಶದ ಮೂಲಕ. ಅದನ್ನು ಹಾಕದೆ ಬಿಟ್ಟಿದ್ದರೆ, ಅಥವಾ ಅದು ತೀರಾ ಹಳೆಯದಾಗಿದ್ದರೆ, ನಿಯಮ ಬರೆದಿಟ್ಟೂ ಪ್ರಯೋಜನವಾಗುವುದಿಲ್ಲ.

ಸಬ್‌ನೆಟ್ಟನ್ನೇ ಎರಡೂ ಊರಿಗೆ ಹಿಗ್ಗಿಸಿಬಿಟ್ಟರೆ ವಿಳಾಸ ಬದಲಿಸುವ ಗೊಡವೆಯೇ ಇಲ್ಲ ಎಂದು ಮಾರಾಟಗಾರರು ಹೇಳುವುದುಂಟು. ದೂರದ ಜಾಲಗಳನ್ನು ಒಂದೇ ಜಾಲದಂತೆ ಬೆಸೆಯುವ ವಿಎಕ್ಸ್‌ಲ್ಯಾನ್‌ನಂಥ ತಂತ್ರದಿಂದ ಅದು ಸಾಧ್ಯವೆಂಬುದು ನಿಜವಾದರೂ, ಒಂದು ಕೇಂದ್ರದ ಜಾಲದಲ್ಲಿ ಎದ್ದ ಗದ್ದಲ ಇನ್ನೊಂದಕ್ಕೂ ಹರಡಬಹುದು, ನಡುವಿನ ಲಿಂಕ್ ಕಡಿದಾಗ ಎರಡೂ ಕಡೆಯ ಸರ್ವರ್‌ಗಳು ತಾವೇ ಮುಖ್ಯವೆಂದು ವರ್ತಿಸಬಹುದು. ಇದನ್ನು ನಿಭಾಯಿಸುವ ಪರಿಣತರನ್ನು ಸಣ್ಣ ಸಂಸ್ಥೆಗಳು ಇಟ್ಟುಕೊಳ್ಳುವುದು ಕಷ್ಟ. ಅದೇ ಸಬ್‌ನೆಟ್ಟನ್ನು ಪರ್ಯಾಯ ಕೇಂದ್ರದಲ್ಲಿ ಸುಪ್ತವಾಗಿಟ್ಟು, ಬೇಕಾದಾಗ ರೂಟಿಂಗನ್ನು (ದತ್ತಾಂಶ ಸಾಗುವ ದಾರಿಯನ್ನು) ತಿರುಗಿಸುವ ಕ್ರಮವೂ ಇದೆ. ಇಡೀ ಕೇಂದ್ರವೇ ಬಿದ್ದಾಗ ಅದು ಚೊಕ್ಕವಾಗಿ ಕೆಲಸ ಮಾಡುತ್ತದೆ, ಆದರೆ ಒಂದೆರಡು ಮಷೀನ್‌ಗಳನ್ನಷ್ಟೇ ಸ್ಥಳಾಂತರಿಸಬೇಕಾದಾಗ ಅದೇ ಸಬ್‌ನೆಟ್‌ನ ಉಳಿದವು ಹಳೆಯ ಜಾಗದಲ್ಲೇ ಇರುವುದರಿಂದ ದಾರಿ ಮುಚ್ಚಿಹೋಗುತ್ತದೆ. ನಮ್ಮ ಭಾಗದ ಸಹಕಾರಿ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಮಟ್ಟಿಗೆ, ಪ್ರತಿ ಕೇಂದ್ರಕ್ಕೂ ಪ್ರತ್ಯೇಕ ಸಬ್‌ನೆಟ್ ಇಟ್ಟು ವಿಳಾಸಗಳನ್ನು ಸಾಲಾಗಿ ಹೊಂದಿಸುವುದೇ ಸರಿಯಾದ ದಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ದಾರಿ ಹಿಡಿದವರು ಶಾಖೆಯ ಕಂಪ್ಯೂಟರ್‌ಗಳು ಸರ್ವರನ್ನು ಅಂಕಿಯಿಂದಲ್ಲದೆ ಹೆಸರಿನಿಂದ ಹುಡುಕುವಂತೆ ಮಾಡಬೇಕು. ಮೇಲೆ ಹೇಳಿದ ಸಂಸ್ಥೆಯಲ್ಲಿ ಸರ್ವರ್‌ಗಳ ವಿಳಾಸ ಸರಿಪಡಿಸಿದ ಮೇಲೂ ಪಾಸ್‌ಬುಕ್ ಮುದ್ರಿಸುವ ತಂತ್ರಾಂಶ ಅಲುಗಾಡಲಿಲ್ಲ. ಅದರ ಕಾನ್ಫಿಗರೇಶನ್ ಫೈಲ್‌ನಲ್ಲಿ ಯಾರೋ ಎಂದೋ ಬೆಂಗಳೂರಿನ ಐಪಿಯನ್ನೇ ನೇರವಾಗಿ ಬರೆದಿದ್ದರು, ಮತ್ತು ಆ ಫೈಲ್ ಪ್ರತಿ ಕೌಂಟರ್‌ನ ಕಂಪ್ಯೂಟರ್‌ನಲ್ಲೂ ಬೇರೆಬೇರೆಯಾಗಿ ಇತ್ತು. ಹೆಸರು ಬಳಸಿದ ಕಡೆಯೂ ಡಿಎನ್‌ಎಸ್‌ನ ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡ್, ಅಂದರೆ ಒಂದು ದಿನ, ಎಂದಿದ್ದರೆ ಹಳೆಯ ಉತ್ತರ ಅಷ್ಟು ಹೊತ್ತು ನೆನಪಿನಲ್ಲಿ ಉಳಿಯಬಹುದು. ಮುಖ್ಯ ಸರ್ವರ್‌ಗಳ ಹೆಸರಿಗೆ ಅದನ್ನು 300 ಸೆಕೆಂಡಿಗೆ ಇಳಿಸಿಡಬೇಕು, ಅದೂ ಅವಘಡಕ್ಕೆ ಮೊದಲೇ. ಇದರ ಜೊತೆಗೆ ಫೈರ್‌ವಾಲ್ ನಿಯಮಗಳು, ವಿಳಾಸಕ್ಕೆ ಕಟ್ಟುಬಿದ್ದ ಲೈಸೆನ್ಸ್‌ಗಳು, ಹೊರಗಿನ ಪಾವತಿ ಜಾಲ ಮತ್ತು ಎಸ್‌ಎಂಎಸ್ ಕಂಪನಿಗಳ ಅನುಮತಿ ಪಟ್ಟಿ ಇವೆಲ್ಲದರಲ್ಲೂ ಪರ್ಯಾಯ ಕೇಂದ್ರದ ವಿಳಾಸ ಮುಂಚಿತವಾಗಿ ಸೇರಿರಬೇಕು.

ಸಾಧನಗಳೆಲ್ಲ ಸುಸ್ಥಿತಿಯಲ್ಲಿದ್ದೂ ದಾರಿ ತಪ್ಪಿದರೆ ಏನಾಗುತ್ತದೆಂಬುದನ್ನು ಜಗತ್ತು 2021ರ ಅಕ್ಟೋಬರ್ 4ರಂದು ಕಂಡಿದೆ. ಅಂದು ಫೇಸ್‌ಬುಕ್‌ನ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ಮಾರ್ಗದ ಘೋಷಣೆಗಳು ಅಂತರ್ಜಾಲದಿಂದ ಹಿಂತೆಗೆಯಲ್ಪಟ್ಟಿದ್ದರಿಂದ, ವಾಟ್ಸ್‌ಆ್ಯಪ್ ಸೇರಿ ಅದರ ಸೇವೆಗಳು ಸುಮಾರು ಆರು ಗಂಟೆ ಯಾರಿಗೂ ಸಿಗಲಿಲ್ಲ.

ಡ್ರಿಲ್, ಅಂದರೆ ಪರ್ಯಾಯ ಕೇಂದ್ರದ ಅಣಕು ಪರೀಕ್ಷೆ, ಮಾಡಿದ್ದೇವೆ ಎನ್ನುವ ಸಂಸ್ಥೆಗಳು ಹಲವು. ಆದರೆ ಅಲ್ಲಿ ನಡೆಯುವುದು ಬಹುಪಾಲು ಪ್ರತ್ಯೇಕ ಜಾಲದೊಳಗೆ ನಕಲು ಮಷೀನ್‌ಗಳನ್ನು ಚಾಲೂ ಮಾಡಿ, ಲಾಗಿನ್ ಪರದೆಯ ಚಿತ್ರ ತೆಗೆದು ಕಡತಕ್ಕೆ ಸೇರಿಸುವ ಕೆಲಸ. ಹಾಗೆ ಪ್ರತ್ಯೇಕವಾಗಿ ಇಡುವುದು ಅಗತ್ಯವೇ. ಇಲ್ಲದಿದ್ದರೆ ಒಂದೇ ವಿಳಾಸಕ್ಕೆ ಅಸಲಿ ಮತ್ತು ನಕಲು ಎರಡೂ ಉತ್ತರಿಸಿ ನಡೆಯುತ್ತಿರುವ ವ್ಯವಹಾರವೇ ಕೆಡುತ್ತದೆ. ಆದರೆ ಮಳವಳ್ಳಿಯ ಅಥವಾ ನಾಗಮಂಗಲದ ಶಾಖೆಯಿಂದ ಮೈಸೂರಿನ ಸರ್ವರ್ ಸಿಗುತ್ತದೋ ಇಲ್ಲವೋ ಎಂಬುದು ಇದರಿಂದ ಗೊತ್ತಾಗುವುದಿಲ್ಲ. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿದ, 2024ರ ಏಪ್ರಿಲ್ 1ರಿಂದ ವಾಣಿಜ್ಯ ಬ್ಯಾಂಕುಗಳಿಗೆ ಜಾರಿಯಾದ ಮಾಹಿತಿ ತಂತ್ರಜ್ಞಾನ ನಿರ್ದೇಶನವು ನಿರ್ಣಾಯಕ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಡ್ರಿಲ್ ನಡೆಸಬೇಕೆಂದೂ, ಕನಿಷ್ಠ ಒಂದು ಪೂರ್ಣ ಕೆಲಸದ ದಿನ ಪರ್ಯಾಯ ಕೇಂದ್ರದಿಂದಲೇ ವ್ಯವಹಾರ ನಡೆಸಬೇಕೆಂದೂ ಹೇಳುತ್ತದೆ. 2024ರ ಮಾರ್ಚ್ 2ರ ಶನಿವಾರ ರಾಷ್ಟ್ರೀಯ ಮತ್ತು ಮುಂಬೈ ಷೇರು ವಿನಿಮಯ ಕೇಂದ್ರಗಳು ವಿಶೇಷ ವಹಿವಾಟು ನಡೆಸಿ, ನಿಜವಾದ ಹಣದ ವ್ಯವಹಾರವನ್ನೇ ತಮ್ಮ ಪರ್ಯಾಯ ಕೇಂದ್ರಕ್ಕೆ ಬದಲಿಸಿ ತೋರಿಸಿದವು. ಅಷ್ಟು ದೊಡ್ಡ ವಹಿವಾಟಿನಲ್ಲಿ ಸಾಧ್ಯವಾದದ್ದು ನಮ್ಮ ಜಿಲ್ಲೆಯ ಸಂಸ್ಥೆಗಳಿಗೆ ಅಸಾಧ್ಯವೇನಲ್ಲ.

ಬೆಂಗಳೂರಿನಿಂದ ತಂತ್ರಜ್ಞರು ಬಂದು ಸರಿಮಾಡುತ್ತಾರೆಂಬ ನಂಬಿಕೆಯನ್ನೂ ಬಿಡಬೇಕು. ಕಾವೇರಿ ವಿಚಾರದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಬಂದ್ ಆದ ದಿನಗಳನ್ನೂ, 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಆ ರಸ್ತೆ ಜಲಾವೃತವಾದದ್ದನ್ನೂ ನಾವು ನೋಡಿದ್ದೇವೆ. ಯಾವ ಮಷೀನ್‌ಗೆ ಯಾವ ಕೇಂದ್ರದಲ್ಲಿ ಯಾವ ವಿಳಾಸ ಎಂಬ ಪಟ್ಟಿಯ ಮುದ್ರಿತ ಪ್ರತಿ ಮೈಸೂರಿನ ಕೇಂದ್ರದಲ್ಲೇ ಇರಬೇಕು, ಮತ್ತು ಹೊಸ ಮಷೀನ್ ಸೇರಿದಾಗಲೆಲ್ಲ ಅದನ್ನು ತಿದ್ದುವ ಹೊಣೆ ಒಬ್ಬ ನಿರ್ದಿಷ್ಟ ನೌಕರರ ಮೇಲಿರಬೇಕು. ಮುಖ್ಯ ಕೇಂದ್ರ ಸರಿಹೋದ ಮೇಲೆ ಹಳೆಯ ವಿಳಾಸಗಳಿಗೆ ಮರಳುವ ಕ್ರಮವೂ ಅದೇ ಪಟ್ಟಿಯಲ್ಲಿ ಇರಲಿ.

ಪರ್ಯಾಯ ಕೇಂದ್ರಕ್ಕೆ ಟೆಂಡರ್ ಕರೆಯುವ ಸಂಸ್ಥೆಗಳು ಈ ವಿಳಾಸ ಪಟ್ಟಿಯನ್ನೂ ಪೂರ್ಣ ದಿನದ ಡ್ರಿಲ್ಲನ್ನೂ ಷರತ್ತಾಗಿ ಸೇರಿಸಬೇಕೆಂದು, ಸಹಕಾರ ಇಲಾಖೆ ಈ ಬಗ್ಗೆ ಸ್ಪಷ್ಟ ಸೂಚನೆ ನೀಡಬೇಕೆಂದು ವಿನಂತಿಸುತ್ತೇನೆ. ಸಹಕಾರಿ ಬ್ಯಾಂಕುಗಳ ಸದಸ್ಯರು ಈ ಬಾರಿಯ ವಾರ್ಷಿಕ ಮಹಾಸಭೆಯಲ್ಲಿ, ಶಾಖೆಗಳು ಪರ್ಯಾಯ ಕೇಂದ್ರದಿಂದ ಇಡೀ ದಿನ ಕೆಲಸ ಮಾಡಿದ್ದು ಕೊನೆಯದಾಗಿ ಯಾವಾಗ ಎಂದು ಆಡಳಿತ ಮಂಡಳಿಯನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.

– ಒಬ್ಬ ನೆಟ್‌ವರ್ಕ್ ನಿರ್ವಾಹಕ, ಹೆಬ್ಬಾಳ, ಮೈಸೂರು